ಬೋರ್ಡಿನ ಮೇಲಿನ ಅಕ್ಕ

"ಅಲ್ಲಯ್ಯಾ, ಒಟ್ಟಿನಲ್ಲಿ ನಿನ್ನ ಕೆಲಸ ಅಂದ್ರೆ ಏನು?" ಎಂದು ಭಾವ ಸಿಕ್ಕಾಗಲೆಲ್ಲ ಕೇಳುತ್ತಿದ್ದರು.

"ಗ್ರಾಫಿಕ್ ಡಿಸೈನ್, ಭಾವ."

"ಚಿತ್ರ ಬಿಡಿಸೋದಾ?"

"ಅಲ್ಲ."

"ಪ್ರಿಂಟ್ ಹಾಕೋದಾ?"

"ಅದೂ ಅಲ್ಲ."

"ಮತ್ತೆ ನಿಂಗೆ ದುಡ್ಡು ಯಾಕಪ್ಪಾ ಕೊಡ್ತಾರೆ?"

ನಲವತ್ತು ದಾಟಿ ಕಿವಿಯ ಮೇಲಿನ ಕೂದಲು ಬೆಳ್ಳಗಾದರೂ ಅಕ್ಕನ ಬಾಯಲ್ಲಿ ಈ ತಮ್ಮ ಪುಟ್ಟನೇ. ಹಾಗಾಗಿ ನಮಗೂ ಪುಟ್ಟನೇ. ಪುಟ್ಟನ ಕೆಲಸ ಭಾವನಿಗೆ ಅರ್ಥವಾಗದಿದ್ದರೂ ಅಂಥ ಕೆಲಸ ಭಾವನ ಮನೆಯ ಮೂಲೆಮೂಲೆಯಲ್ಲೂ ಇತ್ತು. ಬಿಸ್ಕತ್ತಿನ ಪೊಟ್ಟಣಕ್ಕೆ ಯಾವ ಬಣ್ಣ, ಕೆಮ್ಮಿನ ಔಷಧಿಯ ಬಾಟಲಿಯ ಮೇಲೆ ಎಷ್ಟು ಚಮಚ ಅನ್ನುವುದನ್ನು ಎಲ್ಲಿ ಬರೆದರೆ ಕಣ್ಣಿಗೆ ಬೀಳುತ್ತದೆ, ಪಾಠದ ಪುಸ್ತಕದಲ್ಲಿ ಅಕ್ಷರ ಎಷ್ಟು ದಪ್ಪ ಇರಬೇಕು, ಫೋನಿನಲ್ಲಿ ಒತ್ತುವ ಗುಂಡಿ ಎಲ್ಲಿರಬೇಕು, ಇವೆಲ್ಲ ತಾವಾಗಿಯೇ ಆಗುವಂಥವಲ್ಲ. ಯಾರೋ ಕೂತು, ಮೊದಲು ಏನು ಕಾಣಬೇಕು, ಆಮೇಲೆ ಏನು ಕಾಣಬೇಕು, ಏನು ಕಾಣಲೇಬಾರದು ಎಂದು ತೀರ್ಮಾನ ಮಾಡಿರುತ್ತಾರೆ. ಪುಟ್ಟ ಅಂಥವರಲ್ಲೊಬ್ಬ. ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಒಂದು ಕಂಪ್ಯೂಟರು, ಗೋಡೆಯ ತುಂಬ ಬಣ್ಣದ ಮಾದರಿ ಚೀಟಿಗಳು. ಲೋಗೋ ಬೇಕೆನ್ನುವವರು, ಮೆನು ಬೇಕೆನ್ನುವವರು, ಕರಪತ್ರ ಬೇಕೆನ್ನುವವರು ಎಲ್ಲರೂ ಮೆಟ್ಟಿಲು ಹತ್ತಿ ಬರುತ್ತಿದ್ದರು, ಎಲ್ಲರಿಗೂ ನಿನ್ನೆಯೇ ಬೇಕಿತ್ತು.

ಅದರಲ್ಲೂ ಕಾಣಬಾರದ್ದನ್ನು ತೆಗೆಯುವುದರಲ್ಲಿ ಪುಟ್ಟನದು ಎತ್ತಿದ ಕೈ. ಚುನಾವಣೆಗೆ ನಿಂತವರ ಜೋತುಬಿದ್ದ ಗಲ್ಲ, ಅಂಗಡಿ ಮಾಲೀಕರ ಮೊಡವೆ ಗುಳಿ, ಹಿಂದೆ ಅಡ್ಡ ಬಂದ ಕರೆಂಟ್ ತಂತಿ, ಎಲ್ಲವೂ ಅವನ ಬೆರಳ ತುದಿಯಲ್ಲಿ ಮಾಯ. ಹರಟೆ ಹೊಡೆಯುತ್ತಲೇ ಮುಖಗಳನ್ನು ತೊಳೆದು ಮಡಗಿಬಿಡುತ್ತಿದ್ದ.

ಅಕ್ಕನ ಎಡಗೆನ್ನೆಯ ಮೇಲೆ ಹುಟ್ಟಿದಾಗಿನಿಂದ ಒಂದು ಮಚ್ಚೆ. ಸಾಸಿವೆ ಕಾಳಿನಷ್ಟು ಅಂದುಕೊಳ್ಳಬೇಡಿ. ಕಣ್ಣಿನ ಕೆಳಗೆ ಶುರುವಾಗಿ ದವಡೆಯವರೆಗೆ ಇಳಿಯುವ ನೇರಳೆ ಬಣ್ಣದ ಮಚ್ಚೆ. ಚಿಕ್ಕವಳಿದ್ದಾಗ ಕ್ಯಾಮೆರಾ ಕಂಡರೆ ಆ ಕೆನ್ನೆಯನ್ನು ಮರೆಮಾಡಿಕೊಂಡು ನಿಲ್ಲುತ್ತಿದ್ದಳು. ಕಾರು ಓಡಿಸಲು ಕಲಿತ ಮೇಲೆ ಅದೆಲ್ಲ ಬಿಟ್ಟುಹೋಯಿತು. ಬೇರೆಯವರ ಡ್ರೈವಿಂಗ್ ಸ್ಕೂಲಿನಲ್ಲಿ ವರ್ಷಗಟ್ಟಲೆ ಕ್ಲಚ್ಚು, ಬ್ರೇಕು ಹೇಳಿಕೊಟ್ಟು, ಕೊನೆಗೆ ಒಂದು ಹಳೆಯ ಕಾರು ಕೊಂಡು ತನ್ನದೇ ಸ್ಕೂಲು ತೆರೆಯಲು ಹೊರಟಳು.

"ಬೋರ್ಡು ನೀನೇ ಮಾಡ್ಕೊಡಬೇಕು ಕಣೋ ಪುಟ್ಟ," ಅಂದಳು. "ನನ್ನ ಫೋಟೊ ದೊಡ್ಡದಾಗಿ ಹಾಕು. ಕಲಿಸೋದು ಹೆಂಗಸು ಅಂತ ನೋಡಿದ ತಕ್ಷಣ ಗೊತ್ತಾಗಬೇಕು. ಆಗ ಧೈರ್ಯವಾಗಿ ಬರ್ತಾರೆ."

ಪುಟ್ಟ ಮೈಮುರಿದು ದುಡಿದ. ಓಡುವ ಬಸ್ಸಿನಿಂದಲೂ ಓದಲು ಬರುವ ಅಕ್ಷರ, ಕಣ್ಣು ಸೆಳೆಯುವ ಹಳದಿ, ಕಾರಿನ ಬಾಗಿಲಿಗೆ ಸ್ಟಿಕ್ಕರು, ಅದಕ್ಕೆ ಹೊಂದುವ ವಿಸಿಟಿಂಗ್ ಕಾರ್ಡು. ಸ್ಕೂಲು ಶುರುವಾಗುವ ಬೆಳಿಗ್ಗೆ ಬೋರ್ಡು ಮೇಲೇರಿದಾಗ ಭಾವ ಮೊದಲ ಬಾರಿಗೆ, "ಓಹೋ, ಇದೇನಾ ನಿನ್ನ ಕೆಲಸ! ಪರವಾಗಿಲ್ಲ ಕಣಯ್ಯ," ಅಂದರು. ಪುಟ್ಟ ಉಬ್ಬಿಹೋದ. ಅಕ್ಕ ರಸ್ತೆಯ ಆಚೆ ನಿಂತು ಬಹಳ ಹೊತ್ತು ನೋಡಿದಳು. "ಚೆನ್ನಾಗಿದೆ," ಅಂದು ಒಳಗೆ ಹೋದಳು. ಇಷ್ಟೇನಾ ಎಂದು ಪುಟ್ಟನಿಗೆ ಒಳಗೊಳಗೇ ಬೇಸರವೂ ಆಯಿತು ನೋಡಿ!

ಅವನು ಕಾರಿನ ಬಾಗಿಲಿಗೆ ಸ್ಟಿಕ್ಕರು ಅಂಟಿಸಿ ಅಂಗೈಯಿಂದ ಗಾಳಿಗುಳ್ಳೆ ನೀವುತ್ತಿದ್ದಾಗ ಮೊದಲನೆಯ ಗಿರಾಕಿ ಬಂದರು. ಅಕ್ಕ ಬಾಗಿಲಲ್ಲೇ ಇದ್ದಳು.

"ಮೇಡಂ ಇಲ್ವಾ?" ಎಂದು ಆಕೆ ಅಕ್ಕನನ್ನೇ ಕೇಳಿದರು.

"ಯಾವ ಮೇಡಂ?"

"ಬೋರ್ಡಲ್ಲಿದಾರಲ್ಲ, ಅವರು. ಅವರೇ ಕಲಿಸೋದಾದ್ರೆ ಸೇರ್ತೀನಿ."

ಪುಟ್ಟನ ಕೈ ನಿಂತಿತು. ಅಂಗೈ ಎತ್ತಿ ನೋಡಿದ. ಕೆಳಗೆ ಸ್ಟಿಕ್ಕರಿನಲ್ಲಿ ಅಕ್ಕನ ಮುಖ ನಗುತ್ತಿತ್ತು. ಎಡಗೆನ್ನೆ ಬೋಳುಗೋಡೆಯ ಹಾಗಿತ್ತು.

"ಅವರು ಬರಲ್ಲಮ್ಮ," ಅಂದಳು ಅಕ್ಕ, ದನಿ ಏರಿಸದೆ. "ನಾನೇ ಕಲಿಸೋದು. ಬನ್ನಿ, ಕೂತ್ಕೊಳ್ಳಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. ಬೇಕೆಂದು ತೆಗೆದಿದ್ದರೆ ಏನಾದರೂ ಸಮಜಾಯಿಷಿ ಹೇಳಬಹುದಿತ್ತು. ತೆಗೆದದ್ದು ಅವನಿಗೆ ನೆನಪೇ ಇರಲಿಲ್ಲ. ಶಾಲೆಯಲ್ಲಿ ಅಕ್ಕನನ್ನು ಮಚ್ಚೆಮುಖದವಳು ಎಂದ ಹುಡುಗನ ಅಂಗಿ ಹರಿದು ಬಂದವನು ಇವನೇ. ಆ ಹುಡುಗ ಬಾಯಲ್ಲಿ ಆಡಿದ್ದನ್ನು ಇವನು ಬೋರ್ಡು ಮಾಡಿ ಬೀದಿಗೆ ತೂಗುಹಾಕಿದ್ದ.

ಕೆಲಸವಿದೆಯೆಂದು ನೆಪ ಹೇಳಿ ಅಲ್ಲಿಂದ ಕಾಲುಕಿತ್ತ. ಸಂಜೆಯೊಳಗೆ ಸರಿಯಾದ ಬೋರ್ಡು ಹಾಕಿಸಿಬಿಟ್ಟರೆ ಅಕ್ಕನಿಗೆ ಮುಖ ಕೊಟ್ಟು ಮಾತಾಡುವ ಪ್ರಮೇಯವೇ ಬರುವುದಿಲ್ಲ, ಇದು ಅವನ ಲೆಕ್ಕಾಚಾರ. ಕಂಪ್ಯೂಟರಿನ ಮುಂದೆ ಕೂತರೆ, ತಿದ್ದಿದ ಫೋಟೊವನ್ನು ಮೂಲ ಫೋಟೊದ ಮೇಲೆಯೇ ಉಳಿಸಿಬಿಟ್ಟಿದ್ದ, ಮೂಲ ಅಳಿಸಿಹೋಗಿತ್ತು. ಹೋಗಲಿ, ಹಳೆಯದೊಂದು ಸಿಗುತ್ತದೆ ಎಂದು ಮನೆಯವರ ಫೋಟೊಗಳನ್ನು ತೆರೆದ. ಮನೆಯಲ್ಲಿ ಯಾರೇ ಫೋಟೊ ತೆಗೆದರೂ ಪ್ರಿಂಟಿಗೆ ಮೊದಲು ಅವನ ಕೈ ದಾಟಿಯೇ ಹೋಗುತ್ತಿತ್ತು. ಅಪ್ಪ ನಿವೃತ್ತರಾದ ದಿನ: ಅಕ್ಕನ ಕೆನ್ನೆ ನುಣ್ಣಗೆ. ಅಕ್ಕನ ಮಗಳು ಕಾಲೇಜಿಗೆ ಸೇರಿದ ದಿನ: ನುಣ್ಣಗೆ. ಎಲ್ಲರೂ ಸಮುದ್ರಕ್ಕೆ ಹೋದ ದಿನ, ಗಾಳಿಗೆ ಕೂದಲೆಲ್ಲ ಕೆದರಿದೆ, ಕೆನ್ನೆ ಮಾತ್ರ ನುಣ್ಣಗೆ.

ಕೊನೆಗೆ ತಾನೇ ಮಚ್ಚೆ ಬರೆದುಬಿಡೋಣವೆಂದು ಹೊರಟ. ಬಣ್ಣ ಆರಿಸಿದ. ಅಂಚು ಎಳೆಯಲು ಹೋದರೆ ಕೈ ಓಡಲಿಲ್ಲ. ಅದು ತುಟಿಯ ಮೂಲೆಗೆ ತಾಗುತ್ತದೋ, ಅದಕ್ಕೆ ಮೊದಲೇ ನಿಲ್ಲುತ್ತದೋ? ಕಿವಿಯ ಕಡೆಗೆ ಎಷ್ಟು ಹರಡಿದೆ? ಹುಟ್ಟಿದಾಗಿನಿಂದ ನೋಡುತ್ತ ಬಂದ ಮುಖ, ಗೊತ್ತಿಲ್ಲ. ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ತಲೆ ತಗ್ಗಿಸಿ ಕೂತ.

ಮಧ್ಯಾಹ್ನ ಹೋದಾಗ ಅಕ್ಕ ಕಾರಿನ ಕನ್ನಡಿ ಒರೆಸುತ್ತಿದ್ದಳು.

"ಅಕ್ಕಾ, ಇನ್ನೊಂದು ಫೋಟೊ ತಗೋಬೇಕು," ಅಂದ. "ಅದು... ಕೈ ಅಭ್ಯಾಸ ಅಕ್ಕಾ. ಗೊತ್ತಾಗದೇ ಆಗಿಹೋಯ್ತು."

ಅಕ್ಕ ಒರೆಸುವುದನ್ನು ನಿಲ್ಲಿಸಲಿಲ್ಲ. "ನಂದು ದಿನವಿಡೀ ಕನ್ನಡಿ ನೋಡೋ ಕೆಲಸ ಕಣೋ. ನನ್ನ ಮುಖ ನಂಗೆ ಯಾವತ್ತೋ ಒಗ್ಗಿಹೋಗಿದೆ. ನಿಂಗೆ ಒಗ್ಗಿಲ್ಲ ಅಂತ ಇವತ್ತೇ ಗೊತ್ತಾಗಿದ್ದು."

ಅಕ್ಕ ಬಟ್ಟೆ ಕೊಡವಿ, ಕಾರಿಗೆ ಒರಗಿ, ಎಡಗೆನ್ನೆಯನ್ನು ಬೆಳಕಿಗೆ ತಿರುಗಿಸಿದಳು. "ತೆಗಿ."

ಪುಟ್ಟ ತೆಗೆದ. ಮಚ್ಚೆ ತುಟಿಯ ಮೂಲೆಗೆ ತಾಗುತ್ತಿತ್ತು.

"ಎಲ್ಲಿ, ಕೊಡು ಇಲ್ಲಿ," ಎಂದು ಅಕ್ಕ ಫೋನು ಇಸಿದುಕೊಂಡಳು. ಪರದೆಯ ಮೇಲೆ ಎರಡು ಬೆರಳು ಅಗಲಿಸಿ ತನ್ನ ಕೆನ್ನೆಯನ್ನು ದೊಡ್ಡದು ಮಾಡಿದಳು, ಹತ್ತಿರ ಹಿಡಿದು ನೋಡಿದಳು.

"ಹ್ಞೂಂ, ಇದೆ," ಎಂದು ಫೋನು ವಾಪಸ್ಸು ಕೊಟ್ಟಳು.