ಕೆರೆದು ಎಸೆದ ಮೂಳೆ

ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಕೂತು, ಸೂಜಿಯಿಂದ ಕಲ್ಲು ಕೆರೆದು ಒಳಗಿನ ಮೂಳೆ ಬಿಡಿಸುವುದು ಅವನ ಕೆಲಸ. ಮೂವತ್ತು ವರ್ಷದಿಂದ ಅದೇ ಕುರ್ಚಿ, ಅದೇ ಬೆನ್ನುನೋವು. ಎಲ್ಲರ ಬಾಯಲ್ಲೂ ಅವನು ಸೂಜಿಯಣ್ಣ.

ಕೆಲಸಕ್ಕೆ ಸೇರಿದ ವರ್ಷವೇ ಕಲ್ಲಾದ ಹಾವೊಂದು ಅವನ ಮೇಜಿಗೆ ಬಂದಿತ್ತು. ಬಾಲದ ಬುಡದಲ್ಲಿ ಬೆಂಕಿಕಡ್ಡಿಯ ತುಂಡಿನಷ್ಟು ಮೂಳೆ ಅಂಟಿಕೊಂಡಿತ್ತು. ಯಾವುದೋ ಮೀನಿನ ಮುಳ್ಳಿರಬೇಕು ಎಂದು ಕೆರೆದು, ಗುಡಿಸಿ ಎಸೆದ. ಹತ್ತು ವರ್ಷದ ಮೇಲೆ ಇನ್ನೊಂದು ಕಲ್ಲಿನ ಹಾವಿಗೆ ಅದೇ ಜಾಗದಲ್ಲಿ ತೊಡೆ, ಮೊಣಕಾಲು ಸಮೇತ ಹಿಂಗಾಲು ಸಿಕ್ಕಿತು. ಆದಿಕಾಲದ ಹಾವಿಗೆ ಕಾಲಿತ್ತು ಎಂದು ಎಲ್ಲರೂ ಕುಣಿದರು. ಇವನಿಗೆ ಊಟ ಸೇರಲಿಲ್ಲ.

ಅಂದಿನಿಂದ ತಾನು ಎಸೆದ ಆ ಮೂಳೆಯನ್ನು ಇನ್ನೊಮ್ಮೆ ನೋಡುವ ಹಂಬಲ. ದಾರಿಯಲ್ಲಿ ಜಲ್ಲಿ ರಾಶಿ ಕಂಡರೂ ಬಗ್ಗಿ ನೋಡುತ್ತಿದ್ದ.

"ಅದೇನ್ರೀ ಹುಡುಕ್ತೀರಾ, ಮೊದಲನೇ ಹೆಂಡ್ತೀನಾ?" ಎಂದು ಹೆಂಡತಿ ಚುಚ್ಚುತ್ತಿದ್ದಳು.

ನಿವೃತ್ತಿಯ ದಿನ ನೋಡಿದರೆ, ಸಂಗ್ರಹಾಲಯದ ಸಂಶೋಧಕಿ ಮೇಡಂ ತಮ್ಮ ಪ್ರಬಂಧದಲ್ಲಿ ಆ ಮೊದಲ ಹಾವನ್ನು ಕಾಲಿಲ್ಲದ್ದೆಂದು ಬರೆಯುತ್ತಿದ್ದರು. ಅವನು ಬಾಯಿಬಿಟ್ಟ.

"ಅಲ್ಲೊಂದು ಮೂಳೆ ಇತ್ತು ಮೇಡಂ. ನಾನೇ ಕೆರೆದು ಎಸೆದೆ."

"ಹಾವಿನ ಹೆಜ್ಜೆ ಹಾವೇ ಬಲ್ಲದು ಅಂತ ಇಷ್ಟು ವರ್ಷ ಸುಮ್ನಿದ್ರಾ ಸೂಜಿಯಣ್ಣ?"

"ಬೈರಿ. ಆದ್ರೆ ಬರೀರಿ."

ಮೇಡಂ ಬೈಯಲಿಲ್ಲ. ಹಾಳೆ, ಪೆನ್ಸಿಲ್ ಮುಂದೆ ತಳ್ಳಿದರು. "ನೋಡಿದವರು ನೀವೊಬ್ರೇ. ಇದ್ದ ಹಾಗೇ ಚಿತ್ರ ಬರೀರಿ."

ಅವನು ಕಣ್ಣು ಮುಚ್ಚಿದ. ಮೂಳೆಯ ಒಂದು ತುದಿ ನೆನಪಿಗೆ ಬಂತು. ಇನ್ನೊಂದು ತುದಿ ಎಷ್ಟು ಕರೆದರೂ ಬರಲಿಲ್ಲ. ನೆನಪಿದ್ದಷ್ಟನ್ನೇ ಬರೆದು, ಉಳಿದ ಜಾಗವನ್ನು ಖಾಲಿ ಬಿಟ್ಟ.