ಗುಂಡುಸೂಜಿ ಮಾವ ಬಾಯಿ ಬಿಟ್ಟ ಕಥೆ

ಆ ಬೀದಿಯಲ್ಲಿ ದರ್ಜಿಗಳು ಬೇಕಾದಷ್ಟು ಜನ ಇದ್ದರು, ಗುಂಡುಸೂಜಿ ಮಾವ ಮಾತ್ರ ಒಬ್ಬನೇ. ಪ್ಯಾಂಟಿನ ಅಂಚು ಗುರುತು ಮಾಡಲು ಗಿರಾಕಿಯ ಕಾಲ ಬಳಿ ಮಂಡಿಯೂರಿದನೆಂದರೆ ಅವನ ತುಟಿಗಳ ನಡುವೆ ಗುಂಡುಸೂಜಿಗಳು ಸಾಲಾಗಿ ನಿಲ್ಲುತ್ತಿದ್ದವು. ಒಂದೊಂದನ್ನೇ ತೆಗೆದು ಬಟ್ಟೆಗೆ ಚುಚ್ಚುವುದು, ಮುಗಿದರೆ ಮತ್ತಷ್ಟು ತುಟಿಗೆ ಸೇರಿಸುವುದು. ಯಾರು ಏನು ಕೇಳಿದರೂ ಒಂದೇ ಉತ್ತರ, "ಹ್ಞೂಂ." ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿ ಹೊಲಿಯುವ ಅವನ ಹೆಂಡತಿ ಮದುವೆಯಾದಂದಿನಿಂದ ಒಂದು ಜಗಳದಲ್ಲೂ ಸೋತವಳಲ್ಲ. ಬಾಯಿ ತುಂಬ ಸೂಜಿ ಇಟ್ಟುಕೊಂಡವನು ಎದುರಾಡುವುದಾದರೂ ಹೇಗೆ, ನೀವೇ ಹೇಳಿ.

ಇವರ ಒಬ್ಬಳೇ ಮಗಳು ಸಿಟಿ ಬಸ್ಸಿನ ಡ್ರೈವರ್. ಅವಳ ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ಆಮೇಲೆ ಹಗಲೆಲ್ಲ ಕೂಸು ಅಜ್ಜ ಅಜ್ಜಿಯ ಅಂಗಡಿಯಲ್ಲೇ ಇರಲಿ ಎಂದು ಮಾತಾಗಿತ್ತು. ಮೊಮ್ಮಗಳು ಬರುತ್ತಾಳೆಂದು ಮಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಿಷನ್ನಿನ ಪಕ್ಕ ಮೆತ್ತನೆಯ ಹಾಸಿಗೆ ಹಾಸಿದ. ಕತ್ತರಿಗಳನ್ನೆಲ್ಲ ಎತ್ತರದ ಮೊಳೆಗೆ ಏರಿಸಿದ. ಅಯಸ್ಕಾಂತ ಹಿಡಿದು ನೆಲದ ಸಂದುಗೊಂದಿನಲ್ಲೆಲ್ಲ ಬಿದ್ದ ಸೂಜಿಗಳನ್ನು ಹೆಕ್ಕಿದ. ಎಲ್ಲವನ್ನೂ ಸರಿ ಮಾಡಿದ, ತನ್ನ ಬಾಯೊಂದನ್ನು ಬಿಟ್ಟು.

ಒಂದು ಮಧ್ಯಾಹ್ನ ಮಗಳು ಕೂಸನ್ನೆತ್ತಿಕೊಂಡು ಬಂದಳು. ಮಾವ ಕೋಟೊಂದಕ್ಕೆ ಸೂಜಿ ಚುಚ್ಚುತ್ತಿದ್ದವನು ಹಿಗ್ಗಿನಲ್ಲಿ ಹಾಗೆಯೇ ಎದ್ದು ಬಂದು ಕೂಸನ್ನು ಎತ್ತಿಕೊಂಡುಬಿಟ್ಟ. ಕೂಸು ಅಜ್ಜನ ಮುಖವನ್ನು ಗಂಭೀರವಾಗಿ ನೋಡಿತು. ಪುಟ್ಟ ಕೈ ಚಾಚಿ ಅವನ ತುಟಿಯಿಂದ ಒಂದು ಸೂಜಿ ಕಿತ್ತಿತು. ಅಜ್ಜ ಇಟ್ಟುಕೊಳ್ಳುವ ಜಾಗದಲ್ಲೇ ತಾನೂ ಇಟ್ಟುಕೊಳ್ಳಲು ಹೊರಟಿತು. ಮಗಳು ಹಾರಿ ಬಂದು ಆ ಕೈ ಹಿಡಿಯದಿದ್ದರೆ ಏನಾಗುತ್ತಿತ್ತೋ.

ಮಗಳು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. "ಅಪ್ಪ, ನೀನು ಮಾಡಿದ್ದನ್ನೇ ಇವಳೂ ಮಾಡ್ತಾಳೆ. ನಿನ್ನ ಬಾಯಲ್ಲಿ ಸೂಜಿ ಇರೋ ತನಕ ಇವಳು ಇಲ್ಲಿಗೆ ಬರಲ್ಲ. ನನ್ನ ರಜೆ ಮುಗಿಯೋದ್ರೊಳಗೆ ಬಿಟ್ರೆ ಸರಿ. ಇಲ್ಲಾಂದ್ರೆ ಡಿಪೋ ಪಕ್ಕದ ಶಿಶುವಿಹಾರಕ್ಕೆ ಸೇರಿಸ್ತೀನಿ," ಎಂದು ಹೇಳಿ ಹೊರಟೇಹೋದಳು.

ಬಿಡುವುದೇನು ಮಹಾ, ಇವತ್ತಿಂದಲೇ ಬಿಟ್ಟೆ ಎಂದು ಮಾವ ಎದೆ ತಟ್ಟಿಕೊಂಡ. ಸಂಜೆಯಾಗುವುದರೊಳಗೆ ಒಬ್ಬ ಗಿರಾಕಿಗೆ "ಹ್ಞೂಂ" ಎಂದ. ಹೆಂಡತಿ ಕಣ್ಣೆತ್ತಿ ನೋಡಿದಾಗಲೇ ತುಟಿಯಲ್ಲಿ ಸೂಜಿಗಳಿರುವುದು ಅವನಿಗೆ ಗೊತ್ತಾದದ್ದು. ಮರುದಿನ ಹತ್ತಿ ತುಂಬಿದ ಸಣ್ಣ ಮೆತ್ತೆಯೊಂದನ್ನು ಹೊಲಿದು ಎಡ ಮಣಿಕಟ್ಟಿಗೆ ಕಟ್ಟಿಕೊಂಡ. ಇನ್ನು ಸೂಜಿಗಳ ಮನೆ ಇದೇ ಎಂದು ಬೀಗಿದ. ಕೈ ಎಂಥ ಕಿಲಾಡಿ ನೋಡಿ, ಮೆತ್ತೆಯಿಂದ ಸೂಜಿ ಕಿತ್ತು, ಮೊದಲು ಬಾಯಿಗಿಟ್ಟು, ಅಲ್ಲಿಂದ ತೆಗೆದು ಬಟ್ಟೆಗೆ ಚುಚ್ಚಿತು. ಚಾಳಿ ಹೋಗಲಿಲ್ಲ, ಅದಕ್ಕೆ ಒಂದು ಸುತ್ತು ಕೆಲಸ ಹೆಚ್ಚಾಯಿತು, ಅಷ್ಟೇ.

ಮಾವ ತಲೆಯ ಮೇಲೆ ಕೈ ಹೊತ್ತು ಕುಳಿತ. ಹೆಂಡತಿ ಮಾತ್ರ ಬೈಯಲಿಲ್ಲ. ಗುಂಡಿ ಹೊಲಿಯುತ್ತ ಹೊಲಿಯುತ್ತ ಓರೆಗಣ್ಣಲ್ಲಿ ಗಂಡನನ್ನೇ ಗಮನಿಸುತ್ತ ಹೋದಳು. ಮಿಷನ್ನಿನ ಮುಂದೆ ಕೂತಾಗ ಅವನ ಬಾಯಿ ಖಾಲಿ. ಮೇಜಿನ ಮೇಲೆ ಬಟ್ಟೆ ಕತ್ತರಿಸುವಾಗಲೂ ಖಾಲಿ. ಮಂಡಿ ನೆಲಕ್ಕೆ ತಾಗಿತೋ, ಕೈ ಬಾಯಿಗೆ ಹೋಯಿತು.

"ನಿಮ್ಮ ಚಾಳಿ ಬಾಯಲ್ಲಿಲ್ಲ, ಮಂಡಿಯಲ್ಲಿದೆ," ಎಂದಳು ಅವಳು.

ಮಾವ ಎದ್ದು ನಿಂತ. ಕೂತ. ಮತ್ತೆ ಎದ್ದ. ಹೌದಲ್ಲ! ಇಷ್ಟು ವರ್ಷ ತನ್ನದೇ ಮಂಡಿ ತನಗೇ ಗೊತ್ತಿರಲಿಲ್ಲವಲ್ಲ ಎಂದು ಅವನಿಗೆ ನಗು ತಡೆಯಲಾಗಲಿಲ್ಲ. ಅವತ್ತೇ ಪಕ್ಕದ ಬಡಗಿಯ ಬಳಿ ಓಡಿ, ಗಿರಾಕಿ ಹತ್ತಿ ನಿಲ್ಲುವಂಥ ಗಟ್ಟಿಮುಟ್ಟಾದ ಪೆಟ್ಟಿಗೆಯೊಂದನ್ನು ಮಾಡಿಸಿ ಹೊತ್ತು ತಂದ. ಗಿರಾಕಿ ಮೇಲೆ, ಮಾವ ಗಿಡ್ಡ ಸ್ಟೂಲಿನ ಮೇಲೆ. ಮಂಡಿಯೂರುವ ಮಾತೇ ಇಲ್ಲ.

ಅರ್ಧ ಕೆಲಸ ಅಲ್ಲಿಗೇ ಆಯಿತು. ಆದರೆ ಬಾಯಿಗೆ ಕೆಲಸವಿಲ್ಲದೆ ತುಟಿ ಚಡಪಡಿಸುತ್ತಿತ್ತು. ಖಾಲಿ ಬಾಯಿ ಖಾಲಿ ಇರಲೊಲ್ಲದು, ಅದಕ್ಕೂ ಏನಾದರೂ ಕೊಡಿ, ಗಿರಾಕಿಯನ್ನು ಮಾತಾಡಿಸಿ ಎಂದು ಹೆಂಡತಿಯೇ ಸಲಹೆ ಕೊಟ್ಟಳು. ಪಾಪ, ಮುಂದೆ ಏನು ಕಾದಿದೆಯೆಂದು ಅವಳಿಗೇನು ಗೊತ್ತು?

ಮೊದಲ ದಿನ ಮಾವ ಒಬ್ಬ ಅಂಚೆಯವನಿಗೆ "ಊಟ ಆಯ್ತಾ?" ಎಂದು ಕೇಳಿದ. ಅಂಚೆಯವನು ಪೆಟ್ಟಿಗೆಯಿಂದ ಬೀಳುವುದೊಂದು ಬಾಕಿ. ಮಾವನಿಗೆ ಮಾತು ಬರುತ್ತದೆಂದೇ ಅವನಿಗೆ ಗೊತ್ತಿರಲಿಲ್ಲ. ಕಾಲು ನೋವು ಎಲ್ಲಿಂದ ಶುರುವಾಯಿತು, ನಾಯಿಗಳು ಯಾವ ಮನೆಯಲ್ಲಿ ಅಟ್ಟಿಸಿಕೊಂಡು ಬರುತ್ತವೆ ಎಂದೆಲ್ಲ ಕೇಳುತ್ತ ಕೇಳುತ್ತ ಕೈ ತಾನಾಗಿ ಮೆತ್ತೆಯಿಂದ ನೇರ ಬಟ್ಟೆಗೆ ಹೋಗತೊಡಗಿತು. ಸ್ಟೂಲಿನ ಮೇಲೆ ಕೂತೊಡನೆ ಒಂದು ಪ್ರಶ್ನೆ, ಅದೇ ಹೊಸ ಅಭ್ಯಾಸ. ಅಂಗಡಿ ಹರಟೆಕಟ್ಟೆಯಾಯಿತು. ಹೆಂಡತಿಯೂ ಮೊದಲ ಬಾರಿಗೆ ಒಂದು ಜಗಳ ಸೋತಳು, ಆಮೇಲೆ ಇನ್ನೊಂದು. ಮಾವ ಗಾಳಿಯಲ್ಲಿ ತೇಲುತ್ತಿದ್ದ.

ಶಾಲೆ ಶುರುವಾಗುವ ವಾರ ಸಮವಸ್ತ್ರಗಳ ರಾಶಿ ಬಿತ್ತು. ಉಸಿರಾಡಲೂ ಪುರುಸೊತ್ತಿಲ್ಲ. ಆ ಗಡಿಬಿಡಿಯಲ್ಲಿ ನಾಲಿಗೆಗೆ ತಣ್ಣನೆಯ ಲೋಹದ ರುಚಿ ತಾಗಿದಾಗ ಮಾವ ಕುಸಿದುಹೋದ. ಸೂಜಿಯನ್ನು ಅಂಗೈಗೆ ಉಗಿದು, ಎಲ್ಲ ಮುಗಿಯಿತು, ಕೂಸನ್ನು ಶಿಶುವಿಹಾರಕ್ಕೇ ಕಳಿಸಲಿ, ನನ್ನಿಂದಾಗದು ಎಂದ. ಕಣ್ಣಲ್ಲಿ ನೀರಿತ್ತು.

ಹೆಂಡತಿ ಹಲ್ಲಿನಲ್ಲಿ ದಾರ ಕಡಿದಳು. "ಒಂದು ಹೊಲಿಗೆ ತಪ್ಪಿದ್ರೆ ಇಡೀ ಅಂಗಿ ಬಿಚ್ಚಿ ಹಾಕ್ತೀರಾ? ತಪ್ಪಿದ ಕಡೆ ತನಕ ಬಿಚ್ಚಿ, ಅಲ್ಲಿಂದ ಹೊಲೀರಿ."

ಮಾವ ಸೂಜಿಯನ್ನು ಮೆತ್ತೆಗೆ ಚುಚ್ಚಿ, ಮುಂದಿನ ಹುಡುಗಿಯನ್ನು ಪೆಟ್ಟಿಗೆ ಹತ್ತಿಸಿ, ನಿನಗೆ ಯಾವ ಪಾಠ ಕಂಡರೆ ಆಗುವುದಿಲ್ಲ ಎಂದು ಕೇಳಿದ.

ರಜೆಯ ಕೊನೆಯ ದಿನ ಮಗಳು ಹೇಳದೆ ಕೇಳದೆ ಬಂದಳು. ಹೊಸ ಯೂನಿಫಾರ್ಮ್ ಪ್ಯಾಂಟು ಉದ್ದವಾಗಿದೆ, ಈಗಲೇ ಗುರುತು ಮಾಡು ಎಂದಳು. ಪರೀಕ್ಷೆ ಎಂದು ಮಾವನಿಗೆ ಗೊತ್ತಾಯಿತು. ಕೂಸು ಅಜ್ಜಿಯ ತೊಡೆಯ ಮೇಲಿತ್ತು. ಮಗಳು ಪೆಟ್ಟಿಗೆ ಹತ್ತಿದಳು. ಸ್ಟೂಲಿನ ಮೇಲೆ ಕೂತವನಿಗೆ ಸ್ವಂತ ಮಗಳನ್ನು ಏನು ಕೇಳುವುದೆಂದೇ ತೋಚಲಿಲ್ಲ. ಊರವರನ್ನೆಲ್ಲ ಮಾತಾಡಿಸಿದವನ ಬಾಯಿ ಒಣಗಿತು. ಬಲಗೈ ಮೆತ್ತೆಯಿಂದ ಒಂದು ಸೂಜಿ ಕಿತ್ತು ನಿಧಾನವಾಗಿ ಮೇಲೇರತೊಡಗಿತು.

"ಮೊದಲ ಸಲ ಬಸ್ ಓಡಿಸಿದಾಗ ಭಯ ಆಗಿತ್ತಾ?" ಎಂದುಬಿಟ್ಟ ಮಾವ. ಕೈ ಗಲ್ಲದ ಹತ್ತಿರ ನಿಂತಿತು, ಕೆಳಗಿಳಿದು ಸೂಜಿಯನ್ನು ಬಟ್ಟೆಗೆ ಚುಚ್ಚಿತು.

ಮಗಳು ಬಗ್ಗಿ ಅಪ್ಪನ ಮುಖ ನೋಡಿದಳು. "ಆಗಿತ್ತು. ಅವತ್ತು ಸಂಜೆ ಓಡಿ ಬಂದು ನಿನಗೆ ಹೇಳಿದೆ. ನೀನು ಹ್ಞೂಂ ಅಂದೆ. ನನ್ನ ಮಾತು ನಿನಗೆ ಬೇಡ ಅಂದ್ಕೊಂಡೆ ಅಪ್ಪ."

"ಬೇಕಿತ್ತು," ಎಂದ ಮಾವ. "ಬಾಯಿ ತುಂಬ ಸೂಜಿ ಇತ್ತು. ಈಗ ಹೇಳು."

ಅವಳು ಹೇಳಿದಳು. ಮೊದಲ ತಿರುವಿನಲ್ಲಿ ಕಾಲು ನಡುಗಿದ್ದು, ಹಿಂದಿನ ಸೀಟಿನ ಮುದುಕಿ ಚಪ್ಪಾಳೆ ತಟ್ಟಿದ್ದು, ಎಲ್ಲವನ್ನೂ. ಮಾವ ಕೇಳುತ್ತ, ನಗುತ್ತ, ಎರಡೂ ಕಾಲಿನ ಅಂಚು ಮುಗಿಸಿದ. ತುಟಿಗೆ ಒಂದು ಸೂಜಿಯೂ ತಾಗಲಿಲ್ಲ.

ಮಗಳು ಕೆಳಗಿಳಿದು ಅಜ್ಜಿಯ ತೊಡೆಯಿಂದ ಕೂಸನ್ನೆತ್ತಿ ಅಪ್ಪನ ಕೈಗೆ ಕೊಡಹೋದಳು. ಮಾವ ಮೊದಲು ಮಣಿಕಟ್ಟಿನ ಮೆತ್ತೆ ಬಿಚ್ಚಿ ಮೊಳೆಗೆ ತೂಗುಹಾಕಿದ, ಆಮೇಲೆ ಕೈ ಚಾಚಿದ. ಕೂಸು ಅಜ್ಜನ ಮುಖವನ್ನು ಅದೇ ಗಾಂಭೀರ್ಯದಿಂದ ನೋಡಿತು. ಕೈ ಚಾಚಿ ತುಟಿಯ ಮೇಲೆಲ್ಲ ಹುಡುಕಿತು. ಏನೂ ಸಿಗದಿದ್ದಾಗ ತನ್ನ ಇಡೀ ಮುಷ್ಟಿಯನ್ನೇ ಅಜ್ಜನ ಬಾಯೊಳಗೆ ತುರುಕಿತು.

"ನಾಳೆ ನನ್ನದು ಮೊದಲ ಬಸ್ಸು," ಎಂದಳು ಮಗಳು. "ಅಷ್ಟು ಬೇಗ ಅಂಗಡಿ ತೆಗೀತೀಯಾ ಅಪ್ಪ?"

ಹೇಳಲು ಮಾವನ ಬಳಿ ಮಾತು ಬೇಕಾದಷ್ಟಿತ್ತು. ಬಾಯಿ ತುಂಬಿದ್ದರಿಂದ, "ಹ್ಞೂಂ," ಎಂದ.