ಕೊಟ್ಟೂರು ದಾರಿಯ ಏರು

ಕೊಟ್ಟೂರಿನ ಹೋಟೆಲಿನಲ್ಲಿ, ಮಂಡಕ್ಕಿ ಮೆಣಸಿನಕಾಯಿ ಬರುವುದರೊಳಗೆ ಇದನ್ನು ಬರೆದುಬಿಡಬೇಕು.

ಕೂಡ್ಲಿಗಿ ಬಿಟ್ಟಾಗಿನಿಂದ ಪಕ್ಕದ ಸೀಟಿನಲ್ಲಿ ನಮ್ಮ ಯಜಮಾನರ ಗೇರಿನ ಪಾಠ ನಡೆದೇ ಇತ್ತು. "ಗಾಡಿ ಒದರಾಕತ್ತೈತಿ, ಮ್ಯಾಲಿನ ಗೇರ್ ಹಾಕು. ನಡುಗಾಕತ್ತೈತಿ, ಕೆಳಗಿಂದು ಹಾಕು." ನನ್ನ ತವರಿನಲ್ಲಿ ಉಂಡ ಹೋಳಿಗೆ ಕಣ್ಣಿಗೇರಿ, ಹೇಳುತ್ತ ಹೇಳುತ್ತಲೇ ನಿದ್ದೆಹೋದರು. ಅವರ ದನಿ ನಿಂತ ಮೇಲೆ ಕಾರಿನ ದನಿ ಮೊದಲ ಸಲ ನನಗೆ ಸರಿಯಾಗಿ ಕೇಳಿಸಿತು.

ಏರು ಬಂತು. ಹೋದ ಸಲ ಇಲ್ಲೇ ಕಾರು ಬಂದ್ ಬಿದ್ದು, ಹಿಂದಿನ ಬಸ್ಸಿನವರೆಲ್ಲ ಕಿಟಕಿಯಿಂದ ತಲೆ ಹಾಕಿ ನೋಡುತ್ತಿರುವಾಗ ನಾವು ಸೀಟು ಬದಲಿಸಿದ್ದೆವು. ಈ ಸಲ ನಡು ಏರಿನಲ್ಲಿ ಕುರಿ ಹಿಂಡು. ಹ್ಯಾಂಡ್ ಬ್ರೇಕ್ ಎಳೆದು ನಿಂತೆ. ಹಿಂದೆ ಮತ್ತೆ ಬಸ್ಸು, ಮತ್ತೆ ಹಾರ್ನು. ಇವರು ಅದಕ್ಕೂ ಏಳಲಿಲ್ಲ.

ಕುರಿಯವನು ಹಿಂಡನ್ನು ಬದಿಗೆ ಸರಿಸಿ ಕೋಲೆತ್ತಿದ. "ಹೋಗ್ರಿ ಅಕ್ಕಾರ!" ಅವನ ಕಂಬಳಿಯ ಮಡಿಕೆಯೊಳಗಿಂದ ಮರಿಯೊಂದು ನನ್ನನ್ನೇ ನೋಡುತ್ತಿತ್ತು.

ಫಸ್ಟ್ ಹಾಕಿ ಕ್ಲಚ್ ಮೆಲ್ಲಗೆ ಬಿಟ್ಟು, ಬ್ರೇಕ್ ಇಳಿಸಿದೆ. ಕಾರು ಒಂದಂಗುಲವೂ ಹಿಂದೆ ಜಾರಲಿಲ್ಲ. ಒದರಿತು, ಸೆಕೆಂಡ್ ಹಾಕಿದೆ. ನೆತ್ತಿಗೆ ಬಂದಾಗ ಮತ್ತೆ ಒದರಿತು, ಥರ್ಡ್ ಹಾಕಿದೆ. ಬಸ್ಸು ಇನ್ನೂ ಕೆಳಗೆ ಏದುಸಿರು ಬಿಡುತ್ತಿತ್ತು.

ಇಳಿಜಾರು ಮುಗಿಯುವಾಗ ಇವರು ದಡಕ್ಕನೆ ಎದ್ದು ಕೂತರು. "ಏರು ಬರ್ತೈತಿ ನೋಡು, ಸೆಕೆಂಡ್ ಹಾಕು!"

"ಏರು ಹಿಂದ ಹೋತ್ರಿ," ಎಂದೆ, ನಾಲ್ಕನೇ ಗೇರು ಹಾಕುತ್ತ. "ಮಲಕೊಳ್ರಿ."